ಹಣ್ಣಿನ ಲೆಕ್ಕದ ಫಾರ್ವರ್ಡ್‌ಗೆ 1,150 ವರ್ಷ: ಗಣಿತಜ್ಞ ಮಹಾವೀರಾಚಾರ್ಯ ಯಾರು?

ಸೇಬು, ಬಾಳೆಹಣ್ಣಿನ ಚಿತ್ರ ಹಾಕಿ ಒಂದೊಂದರ ಬೆಲೆ ಕೇಳುವ ಲೆಕ್ಕ ನಿಮ್ಮ ವಾಟ್ಸಾಪ್ ಗ್ರೂಪಿಗೂ ಬಂದಿರಬಹುದು. ಶಾಲೆಯಲ್ಲಿ ಇದನ್ನೇ ಏಕಕಾಲಿಕ ಸಮೀಕರಣ ಎಂದು ಕಲಿಸುತ್ತಾರೆ. ಇಂಥ ಲೆಕ್ಕವನ್ನು ಸುಮಾರು 1,150 ವರ್ಷಗಳ ಹಿಂದೆಯೇ ಬಿಡಿಸಿ ತೋರಿಸಿದವರು ಮಹಾವೀರಾಚಾರ್ಯ.

ಇವರು 24ನೇ ತೀರ್ಥಂಕರ ಮಹಾವೀರರೇ?

ಅಲ್ಲ. ತೀರ್ಥಂಕರರು ಕ್ರಿಸ್ತಪೂರ್ವ ಕಾಲದವರು. ಗಣಿತಜ್ಞ ಮಹಾವೀರಾಚಾರ್ಯರೂ ಜೈನರೇ, ಆದರೆ 9ನೇ ಶತಮಾನದವರು. ಮಾನ್ಯಖೇಟದಿಂದ, ಅಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡದಿಂದ ಆಳಿದ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದರು. ಸುಮಾರು 850ರಲ್ಲಿ ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ' ಬರೆದರು. ಆಗ ಗಣಿತ ಹೆಚ್ಚಾಗಿ ಖಗೋಳ ಗ್ರಂಥಗಳ ಒಂದು ಅಧ್ಯಾಯವಾಗಿರುತ್ತಿತ್ತು. ಇವರು ಗಣಿತಕ್ಕೆಂದೇ ಇಡೀ ಪುಸ್ತಕ ಮೀಸಲಿಟ್ಟರು.

ಅವರ ಲೆಕ್ಕ ಏನು?

9 ಮಾದಳ ಹಣ್ಣು, 7 ಬೇಲದ ಹಣ್ಣಿಗೆ ಒಟ್ಟು 107. 7 ಮಾದಳ, 9 ಬೇಲಕ್ಕೆ 101. ಒಂದೊಂದರ ಬೆಲೆ ಎಷ್ಟು?

ಅವರ ಸೂತ್ರದಂತೆ ಮೊದಲ ಮೊತ್ತವನ್ನು 9ರಿಂದ, ಎರಡನೆಯದನ್ನು 7ರಿಂದ ಗುಣಿಸೋಣ. 963 ಮತ್ತು 707 ಬರುತ್ತದೆ. ಈಗ ಎರಡೂ ಕಡೆ ಬೇಲದ ಹಣ್ಣು 63. ಕಳೆದರೆ ಬೇಲ ಮಾಯ! ಉಳಿಯುವುದು 32 ಮಾದಳಕ್ಕೆ 256. ಹಾಗಾಗಿ ಒಂದು ಮಾದಳಕ್ಕೆ 8, ಒಂದು ಬೇಲಕ್ಕೆ 5.

ಜಗತ್ತಿನಲ್ಲಿ ಇವರೇ ಮೊದಲಿಗರೇ?

ಅಲ್ಲ. ಚೀನಾದ ಗಣಿತ ಗ್ರಂಥವೊಂದರಲ್ಲಿ ಇದಕ್ಕೂ ಎಷ್ಟೋ ಶತಮಾನ ಮೊದಲೇ ಇಂಥ ಲೆಕ್ಕಗಳಿವೆ. ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಬದಲಾಗುವುದಿಲ್ಲ ಎಂಬ ಮಹಾವೀರಾಚಾರ್ಯರ ಮಾತೂ ತಪ್ಪು. ಇದರಿಂದ ಅವರ ಹಿರಿಮೆ ಕಡಿಮೆಯಾಗದು. ಸುಳ್ಳು ಸೇರಿಸಿ ಹೊಗಳುವ ಅಗತ್ಯವೂ ಇಲ್ಲ.

ನಮಗೇನು ಉಪಯೋಗ?

ಸಾಗರ, ತೀರ್ಥಹಳ್ಳಿಯ ಅಡಿಕೆ ಬೆಳೆಗಾರರನ್ನೇ ತೆಗೆದುಕೊಳ್ಳಿ. ರಾಶಿ, ಬೆಟ್ಟೆ ಎರಡನ್ನೂ ಸೇರಿಸಿ ಒಂದೇ ಮೊತ್ತ ಹೇಳಿದರೆ ಯಾವುದಕ್ಕೆ ಎಷ್ಟು ದರ ಬಿತ್ತೆಂದು ಯಾವ ಸೂತ್ರದಿಂದಲೂ ತಿಳಿಯದು. ಗೊತ್ತಿಲ್ಲದ್ದು ಎರಡಿದ್ದರೆ ಮಾಹಿತಿಯೂ ಎರಡು ಬೇಕು. ಅದೇ ಬಿಲ್ಲನ್ನು ದುಪ್ಪಟ್ಟು ಮಾಡಿ ತೋರಿಸಿದರೆ ಅದು ಹೊಸ ಮಾಹಿತಿಯಲ್ಲ. ದರ ಬೇರೆ ಬೇರೆಯಾಗಿ ಬರೆಸಿಕೊಳ್ಳುವುದೇ ಒಳ್ಳೆಯದು.

ಮೂಲ ಓದುವ ಆಸೆಯಿದ್ದವರಿಗೆ ದಾರಿ ಹತ್ತಿರದಲ್ಲೇ ಇದೆ. ಹೊಸನಗರ ತಾಲ್ಲೂಕಿನ ಹೊಂಬುಜ ಜೈನ ಮಠ 2000ರಲ್ಲಿ ಈ ಗ್ರಂಥವನ್ನು ಕನ್ನಡ ಅನುವಾದದೊಂದಿಗೆ ಪ್ರಕಟಿಸಿದೆ. ಮುಂದಿನ ಸಲ ಹಣ್ಣಿನ ಲೆಕ್ಕ ಬಂದರೆ ಉತ್ತರದ ಜೊತೆಗೆ ಮಹಾವೀರಾಚಾರ್ಯರ ಹೆಸರನ್ನೂ ಕಳಿಸಿ.