ಸನ್ನಿ ಸೈಡ್ ಮನೆಯವರು

ಮಕ್ಕಳೇ, ಊರಿಗೆ ಹೋದಾಗ ಬೆಂಗಳೂರಿನ ರಿಚ್ಮಂಡ್ ರಸ್ತೆಯಲ್ಲಿ ನೀವು ಓಡಾಡಿರಬಹುದು. ಆ ರಸ್ತೆಗೆ ಜನರಲ್ ತಿಮ್ಮಯ್ಯನವರ ಹೆಸರಿಟ್ಟಿದ್ದಾರೆ. ಮಡಿಕೇರಿಯಲ್ಲಿ ಅವರ ಹೆಸರಿನ ವೃತ್ತವೂ ಪ್ರತಿಮೆಯೂ ಇವೆ. ಮನೆಯ ಹಿರಿಯರು ಅವರನ್ನು ಯುದ್ಧ ಗೆದ್ದ ವೀರ ಎಂದು ಪರಿಚಯಿಸಿರುತ್ತಾರೆ. ಅದು ನಿಜವೇ. ಆದರೆ ಕೊಡಗಿನವಳಾದ ನನಗೆ ಅವರ ಮನೆಯವರ ಕಥೆಯನ್ನೂ ನಿಮಗೆ ಹೇಳಬೇಕೆನಿಸುತ್ತದೆ.

ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ ಹುಟ್ಟಿದ್ದು 1906ರಲ್ಲಿ, ಮಡಿಕೇರಿಯಲ್ಲಿ. ನಮ್ಮಲ್ಲಿ ಮನೆತನದ ಹೆಸರು ಮೊದಲು ಬರುತ್ತದೆ. ಭಾರತೀಯ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದ ಕಾರ್ಯಪ್ಪನವರೂ ಕೊಡಂದೇರ ಒಕ್ಕದವರೇ, ಅಂದರೆ ಅದೇ ಮನೆತನದವರೇ. ತಿಮ್ಮಯ್ಯನವರ ತಂದೆ ಕಾಫಿ ಬೆಳೆಗಾರರು, ಮನೆಯ ಹೆಸರು ‘ಸನ್ನಿ ಸೈಡ್’. ಆ ಮನೆಯ ಮೂವರು ಗಂಡುಮಕ್ಕಳೂ ಸೇನೆ ಸೇರಿದರು. ತಾಯಿ ಸೀತಮ್ಮನವರದು ಜನಸೇವೆ. ಅದಕ್ಕಾಗಿ ಅಂದಿನ ಬ್ರಿಟಿಷ್ ಸರ್ಕಾರ ಅವರಿಗೆ ‘ಕೈಸರ್-ಎ-ಹಿಂದ್’ ಪದಕ ಕೊಟ್ಟಿತು. ಅದು ಯುದ್ಧಕ್ಕೆ ಕೊಡುವ ಪದಕವಲ್ಲ, ಜನರಿಗೆ ನೆರವಾದವರಿಗೆ ಕೊಡುತ್ತಿದ್ದದ್ದು.

1935ರ ಜನವರಿಯಲ್ಲಿ ತಿಮ್ಮಯ್ಯನವರು ನೀನಾ ಅವರನ್ನು ಮದುವೆಯಾದರು. ಆಗ ಅವರ ಪಡೆ ಇದ್ದದ್ದು ಕ್ವೆಟ್ಟಾದಲ್ಲಿ. ಈಗ ಆ ಊರು ಪಾಕಿಸ್ತಾನಕ್ಕೆ ಸೇರಿದೆ. ಮೇ 31ರ ನಸುಕಿನಲ್ಲಿ, ಊರಿಗೆ ಊರೇ ಮಲಗಿದ್ದಾಗ, ಭೂಮಿ ನಡುಗಿತು. ಹತ್ತಾರು ಸಾವಿರ ಜನ ಸತ್ತರು, ಪೇಟೆ ಮಣ್ಣುಗುಡ್ಡೆಯಾಯಿತು. ದಂಡಿನ ಪ್ರದೇಶಕ್ಕೆ ಅಷ್ಟು ಹಾನಿಯಾಗಿರಲಿಲ್ಲ. ಹಾಗಾಗಿ ಅವಶೇಷ ಅಗೆದು ಜೀವ ಉಳಿಸುವ ಕೆಲಸ ಸೈನಿಕರ ಪಾಲಿಗೆ ಬಂತು. ತಿಮ್ಮಯ್ಯ ಆ ಕೆಲಸಕ್ಕಿಳಿದರು. ನೀನಾ ಅವರೂ ಸುಮ್ಮನೆ ಕೂರಲಿಲ್ಲ. ಅವರಿಗೆ ಯಾವ ಸಮವಸ್ತ್ರವೂ ಇರಲಿಲ್ಲ, ಯಾರ ಆಜ್ಞೆಯೂ ಇರಲಿಲ್ಲ, ಮದುವೆಯಾಗಿ ಇನ್ನೂ ಆರು ತಿಂಗಳೂ ತುಂಬಿರಲಿಲ್ಲ. ಸಂತ್ರಸ್ತರ ನಡುವೆ ಅವರು ಮಾಡಿದ ಸೇವೆಗೂ ಅದೇ ಕೈಸರ್-ಎ-ಹಿಂದ್ ಪದಕ ಬಂತು. ಅತ್ತೆಗೂ ಸೊಸೆಗೂ ಒಂದೇ ಪದಕ! ಗಂಡಸರ ಪದಕಗಳ ಪಟ್ಟಿ ಓದುವಾಗ ಇವೆರಡನ್ನು ಬಿಟ್ಟುಬಿಡುವವರೇ ಹೆಚ್ಚು. ನನಗೆ ಅದು ಸರಿ ಕಾಣುವುದಿಲ್ಲ.

ಎರಡನೇ ಮಹಾಯುದ್ಧದಲ್ಲಿ ತಿಮ್ಮಯ್ಯ ಬರ್ಮಾದ ಕಾಡುಗಳಲ್ಲಿ ಹೋರಾಡಿದರು. ಅವರ ಅಣ್ಣ ಪೊನ್ನಪ್ಪ ಬ್ರಿಟಿಷರ ವಿರುದ್ಧ ಹೋರಾಡುತ್ತಿದ್ದ ಸುಭಾಷ್‌ಚಂದ್ರ ಬೋಸರ ಆಜಾದ್ ಹಿಂದ್ ಫೌಜ್ ಸೇರಿದ್ದರು. ಒಂದೇ ಮನೆಯ ಮಕ್ಕಳು ಎದುರುಬದುರು ಪಾಳಯದಲ್ಲಿ! ಸ್ವಾತಂತ್ರ್ಯ ಬಂದ ಮೇಲೆ ಪಾಕಿಸ್ತಾನದೊಡನೆ ನಡೆದ ಕಾಶ್ಮೀರದ ಯುದ್ಧದಲ್ಲಿ, 1948ರ ನವೆಂಬರ್ 1ರಂದು, ಹನ್ನೊಂದು ಸಾವಿರ ಅಡಿಗೂ ಎತ್ತರದ ಜೋಜಿ ಲಾ ಕಣಿವೆಗೆ ತಿಮ್ಮಯ್ಯ ಟ್ಯಾಂಕುಗಳನ್ನು ಹತ್ತಿಸಿದರು. ಅಷ್ಟು ಎತ್ತರಕ್ಕೆ ಟ್ಯಾಂಕ್ ಬರಬಹುದೆಂದು ಶತ್ರುಗಳು ಎಣಿಸಿಯೇ ಇರಲಿಲ್ಲ. ಅದಕ್ಕೆ ದಾರಿ ಕಡಿದುಕೊಟ್ಟವರು ಸೇನೆಯ ಎಂಜಿನಿಯರ್ ಪಡೆಯಾದ ಮದ್ರಾಸ್ ಸ್ಯಾಪರ್ಸ್. ಅವರ ಕೇಂದ್ರ ಇಂದಿಗೂ ಇರುವುದು ನಮ್ಮ ಬೆಂಗಳೂರಿನಲ್ಲೇ.

ನಾನು ಅವರನ್ನು ಹೆಚ್ಚು ಗೌರವಿಸುವುದು ಕೊರಿಯಾದ ಕೆಲಸಕ್ಕೆ. 1953ರಲ್ಲಿ ಅಲ್ಲಿ ಕದನ ನಿಂತಾಗ, ಇಪ್ಪತ್ತೆರಡು ಸಾವಿರಕ್ಕೂ ಹೆಚ್ಚು ಚೀನೀ ಮತ್ತು ಉತ್ತರ ಕೊರಿಯಾದ ಸೆರೆಯಾಳುಗಳು ತಮ್ಮ ದೇಶಕ್ಕೆ ಮರಳಲು ಒಪ್ಪಲಿಲ್ಲ. ಅವರ ವಿಷಯ ನೋಡಿಕೊಳ್ಳಲು ಐದು ದೇಶಗಳ ಆಯೋಗವಾಯಿತು, ತಿಮ್ಮಯ್ಯ ಅದರ ಅಧ್ಯಕ್ಷರಾದರು. ಒಂದು ಕಡೆಯವರು ಕಳಿಸಿ ಎಂದರು, ಇನ್ನೊಂದು ಕಡೆಯವರು ಕಳಿಸಬೇಡಿ ಎಂದರು. ಯಾರನ್ನೂ ಬಲವಂತದಿಂದ ಕಳಿಸಬಾರದು, ಬಲವಂತದಿಂದ ಇಟ್ಟುಕೊಳ್ಳಲೂಬಾರದು ಎಂಬುದು ಆಯೋಗದ ನಿಯಮ. ಎರಡೂ ಕಡೆಯವರ ಸಿಟ್ಟನ್ನು ತಡೆದುಕೊಂಡು ತಿಂಗಳುಗಟ್ಟಲೆ ಆ ಕೆಲಸ ನಡೆಸಲು ಎಷ್ಟು ತಾಳ್ಮೆ ಬೇಕು, ಯೋಚಿಸಿ. 1954ರಲ್ಲಿ ಭಾರತ ಸರ್ಕಾರ ಅವರಿಗೆ ಪದ್ಮಭೂಷಣ ನೀಡಿತು.

ಸೇನೆಯ ಮುಖ್ಯಸ್ಥರಾಗಿ 1961ರಲ್ಲಿ ನಿವೃತ್ತರಾದ ಮೇಲೆ ಅವರು ಆರಾಮವಾಗಿ ಇರಬಹುದಿತ್ತು. ಆದರೆ ಸೈಪ್ರಸ್ ದ್ವೀಪದಲ್ಲಿ ಗ್ರೀಕ್ ಮತ್ತು ತುರ್ಕಿ ಸಮುದಾಯಗಳು ಹೊಡೆದಾಡುತ್ತಿದ್ದಾಗ, 1964ರಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆಯ ನಾಯಕತ್ವ ಒಪ್ಪಿಕೊಂಡು ಹೊರಟರು. 1965ರ ಡಿಸೆಂಬರ್ 18ರಂದು, ಕರ್ತವ್ಯದಲ್ಲಿದ್ದಾಗಲೇ, ಅಲ್ಲಿ ತೀರಿಕೊಂಡರು. ಸೈಪ್ರಸ್ ಮರುವರ್ಷ ಅವರ ನೆನಪಿಗೆ ಅಂಚೆಚೀಟಿ ತಂದಿತು.

ಸನ್ನಿ ಸೈಡ್ ಈಗ ವಸ್ತುಸಂಗ್ರಹಾಲಯವಾಗಿದೆ. 2021ರ ಫೆಬ್ರವರಿಯಲ್ಲಿ ರಾಷ್ಟ್ರಪತಿ ರಾಮನಾಥ ಕೋವಿಂದ್ ಅದನ್ನು ಉದ್ಘಾಟಿಸಿದರು. ಮುಂದಿನ ರಜೆಯಲ್ಲಿ ಮಡಿಕೇರಿಗೆ ಹೋದರೆ ಅಪ್ಪ ಅಮ್ಮನಿಗೆ ಹೇಳಿ ಅಲ್ಲಿಗೆ ಹೋಗಿಬನ್ನಿ. ಬಂದೂಕು, ಸಮವಸ್ತ್ರ ಎಲ್ಲ ನೋಡಿಯಾದ ಮೇಲೆ ಅಲ್ಲಿನವರನ್ನು ಸೀತಮ್ಮ ಮತ್ತು ನೀನಾ ಅವರ ಬಗ್ಗೆಯೂ ಕೇಳಿ. ತಿಳಿದದ್ದನ್ನು ಬರೆದು ಕಳಿಸಿದರೆ ನಮ್ಮ ಕೂಟದ ಸಂಚಿಕೆಯಲ್ಲೇ ಹಾಕೋಣ.