ಗ್ರೇಸ್ ಹಾಪರ್ ಮತ್ತು ಅವರ ಕಂಪೈಲರ್

ಗ್ರೇಸ್ ಹಾಪರ್ ಹುಟ್ಟಿದ್ದು 1906ರ ಡಿಸೆಂಬರ್ 9ರಂದು, ನ್ಯೂಯಾರ್ಕ್ ನಗರದಲ್ಲಿ. ಏಳು ವರ್ಷದವರಿದ್ದಾಗ ಒಳಗೇನಿದೆ ಎಂದು ನೋಡಲು ಮನೆಯ ಅಲಾರಾಂ ಗಡಿಯಾರಗಳನ್ನೆಲ್ಲ ಬಿಚ್ಚಿಟ್ಟರಂತೆ. ಕೊನೆಗೆ ತಾಯಿ ಒಂದೇ ಗಡಿಯಾರಕ್ಕೆ ಅನುಮತಿ ಕೊಟ್ಟರು!

1934ರಲ್ಲಿ ಯೇಲ್ ವಿಶ್ವವಿದ್ಯಾಲಯದಿಂದ ಗಣಿತದಲ್ಲಿ ಪಿಎಚ್.ಡಿ. ಪಡೆದ ಅವರು ವಾಸರ್ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದರು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ನೌಕಾಪಡೆ ಸೇರಲು ಹೋದಾಗ ತೂಕ ಸಾಲದೆ, ವಿಶೇಷ ವಿನಾಯಿತಿ ಪಡೆಯಬೇಕಾಯಿತು. 1944ರಲ್ಲಿ ಅವರನ್ನು ಹಾರ್ವರ್ಡ್‌ನ ಮಾರ್ಕ್ 1 ಯಂತ್ರದ ಕೆಲಸಕ್ಕೆ ಕಳುಹಿಸಲಾಯಿತು.

ಆಗ ಪ್ರೋಗ್ರಾಂ ಬರೆಯುವುದೆಂದರೆ ಸಂಖ್ಯೆಗಳನ್ನು ಬರೆಯುವುದು. ವರ್ಗಮೂಲ, ಸೈನ್ ಮುಂತಾದ ಲೆಕ್ಕಗಳ ತುಣುಕುಗಳನ್ನು ಒಮ್ಮೆ ಬರೆದು ಪುಸ್ತಕದಲ್ಲಿ ಇಟ್ಟುಕೊಂಡು, ಬೇಕಾದಾಗ ಕೈಯಿಂದ ನಕಲು ಮಾಡುತ್ತಿದ್ದರು. ಸೊನ್ನೆಯಿಂದ ಶುರುವಾಗುವ ತುಣುಕನ್ನು 300ನೇ ಸ್ಥಾನದಲ್ಲಿ ಇಡಬೇಕಾದರೆ, ಅದರೊಳಗಿನ ಪ್ರತಿ ವಿಳಾಸಕ್ಕೂ 300 ಕೂಡಿಸಬೇಕು. ಒಂದು ಕಡೆ ತಪ್ಪಿದರೂ ಉತ್ತರ ಕೆಟ್ಟಿತು. ನಕಲು ಮಾಡುವುದು, ಕೂಡುವುದು ಇವೆರಡನ್ನೂ ಯಂತ್ರವೇ ಮನುಷ್ಯನಿಗಿಂತ ಚೆನ್ನಾಗಿ ಮಾಡುವಾಗ, ನಾವೇಕೆ ಮಾಡಬೇಕು? ಹಾಪರ್‌ಗೆ ಹೊಳೆದದ್ದು ಇಷ್ಟೇ. 1952ರಲ್ಲಿ ಯೂನಿವ್ಯಾಕ್ ಯಂತ್ರಕ್ಕಾಗಿ ಅವರು ಸಿದ್ಧಪಡಿಸಿದ ಎ-0, ಟೇಪಿನಲ್ಲಿದ್ದ ತುಣುಕುಗಳನ್ನು ತಾನೇ ಹುಡುಕಿ, ವಿಳಾಸ ಸರಿಪಡಿಸಿ, ಜೋಡಿಸುತ್ತಿತ್ತು. ಇಂದಿನ ಕಂಪೈಲರ್‌ನಷ್ಟು ಕೆಲಸ ಅದು ಮಾಡುತ್ತಿರಲಿಲ್ಲ, ನಿಜ. ಆದರೆ ಕಂಪ್ಯೂಟರ್ ಲೆಕ್ಕ ಮಾಡೀತೇ ಹೊರತು ಪ್ರೋಗ್ರಾಂ ಬರೆಯಲಾರದು ಎಂದು ತಜ್ಞರೇ ನಂಬಿದ್ದ ಕಾಲವದು. ತಯಾರಾದ ಮೇಲೂ ಅದನ್ನು ಬಳಸಲು ಹೆಚ್ಚಿನವರು ಮುಂದೆ ಬರಲಿಲ್ಲ.

ಅವರು ಬಿಡಲಿಲ್ಲ. ಇಂಗ್ಲಿಷ್ ಪದಗಳಲ್ಲೇ ಆದೇಶ ಕೊಡಬಹುದಾದ ಫ್ಲೋ-ಮ್ಯಾಟಿಕ್ ಬಂತು. ಅದರ ಆಧಾರದ ಮೇಲೆ ಕೋಬಾಲ್ ಭಾಷೆ ರೂಪುಗೊಂಡಿತು. 1960ರ ಡಿಸೆಂಬರ್‌ನಲ್ಲಿ ಹೆಚ್ಚುಕಡಿಮೆ ಒಂದೇ ಕೋಬಾಲ್ ಪ್ರೋಗ್ರಾಂ ಎರಡು ಬೇರೆ ಬೇರೆ ಕಂಪನಿಗಳ ಯಂತ್ರಗಳಲ್ಲಿ ಓಡಿತು. ಯಂತ್ರ ಬದಲಾದರೆ ಎಲ್ಲವನ್ನೂ ಹೊಸದಾಗಿ ಬರೆಯಬೇಕಿದ್ದ ದಿನಗಳಲ್ಲಿ ಇದು ದೊಡ್ಡ ಸಂಗತಿ. ಇಂದು ಸಿ ಭಾಷೆಯಲ್ಲಿ ಬರೆದ ಎಸ್‌ಕ್ಯೂಲೈಟ್ ಎಂಬ ದತ್ತಾಂಶ ಲೈಬ್ರರಿಯನ್ನು ವೆಬ್ಅಸೆಂಬ್ಲಿಗೆ ಕಂಪೈಲ್ ಮಾಡಿ, ನಮ್ಮ ಮೊಬೈಲಿನ ಬ್ರೌಸರ್‌ನೊಳಗೇ ಓಡಿಸುತ್ತಾರಲ್ಲ, ಅದೂ ಇದೇ ದಾರಿಯದು. ಮೂಲ ಪ್ರೋಗ್ರಾಂ ಹಾಗೆಯೇ ಇರುತ್ತದೆ. ಯಂತ್ರಕ್ಕೆ ತಕ್ಕಂತೆ ಅದನ್ನು ಬದಲಿಸುವ ಹೊಣೆ ಕಂಪೈಲರ್‌ನದು.

ಉಪನ್ಯಾಸಗಳಲ್ಲಿ ಅವರು ಸುಮಾರು 30 ಸೆಂಟಿಮೀಟರ್ ಉದ್ದದ ತಂತಿ ತುಂಡುಗಳನ್ನು ಹಂಚುತ್ತಿದ್ದರು. ಒಂದು ನ್ಯಾನೊಸೆಕೆಂಡಿನಲ್ಲಿ ಬೆಳಕು ಸಾಗುವ ದೂರ ಅಷ್ಟೇ! 1986ರಲ್ಲಿ, 79ನೇ ವಯಸ್ಸಿನಲ್ಲಿ, ರಿಯರ್ ಅಡ್ಮಿರಲ್ ಆಗಿ ನಿವೃತ್ತರಾದರು. 1992ರ ಜನವರಿ 1ರಂದು ತೀರಿಕೊಂಡರು. ಮುಂದೆ ಅಮೆರಿಕದ ನೌಕಾಪಡೆ ಒಂದು ಯುದ್ಧನೌಕೆಗೆ ಅವರ ಹೆಸರಿಟ್ಟಿತು.