ನದಿಗಾಗಿ ಬದುಕು ಸವೆಸಿದ ತನಾಕಾ ಶೋಜೋ

ಈ ಸಲ ನಾನು ಜಪಾನಿನ ಒಬ್ಬ ದೊಡ್ಡ ಮನುಷ್ಯರ ಬಗ್ಗೆ ಬರೀತಾ ಇದ್ದೇನೆ. ಅವರ ಹೆಸರು ತನಾಕಾ ಶೋಜೋ.

ಶೋಜೋ 1841ರಲ್ಲಿ ಕೊನಾಕಾ ಎಂಬ ಹಳ್ಳಿಯಲ್ಲಿ ಊರ ಯಜಮಾನರ ಮನೆಯಲ್ಲಿ ಹುಟ್ಟಿದರು. ಮುಂದೆ ತಾವೂ ಊರಿಗೆ ಯಜಮಾನರಾದರು. ರೈತರ ಪರ ನಿಂತು ಪಾಳೇಗಾರನನ್ನು ಎದುರು ಹಾಕಿಕೊಂಡು ಜೈಲನ್ನೂ ಕಂಡರು. 1890ರಲ್ಲಿ ಜಪಾನಿನ ಮೊಟ್ಟಮೊದಲ ಸಂಸತ್ತಿಗೆ ಚುನಾವಣೆ ನಡೆದಾಗ ಗೆದ್ದು ಬಂದರು.

ಆ ಸೀಮೆಯಲ್ಲಿ ವತರಾಸೆ ಎಂಬ ನದಿ ಇದೆ. ಮೊದಲೆಲ್ಲಾ ಹೊಳೆ ಉಕ್ಕಿದರೆ ಕಾಡಿನ ತರಗೆಲೆ ಕೊಳೆತ ಒಳ್ಳೇ ಮೆಕ್ಕಲು ಮಣ್ಣು ಗದ್ದೆಗೆ ಬರುತ್ತಿತ್ತು. ಆದರೆ ನದಿಯ ಮೇಲ್ಭಾಗದಲ್ಲಿ, ಆಶಿಯೋ ಎಂಬಲ್ಲಿ, ತಾಮ್ರದ ಗಣಿ ಇತ್ತು. 1877ರಲ್ಲಿ ಫುರುಕಾವಾ ಇಚಿಬೇ ಎಂಬ ಸಾಹುಕಾರರು ಅದನ್ನು ಕೊಂಡ ಮೇಲೆ ಕೆಲಸ ಜೋರಾಯಿತು. ಸೌದೆಗೆ ಅಂತ, ಸುರಂಗದ ಆಸರೆಗೆ ಅಂತ ಗುಡ್ಡದ ಮರ ಕಡಿದರು. ಉಳಿದ ಮರಗಳು ಅದಿರು ಕರಗಿಸುವ ಕುಲುಮೆಯ ಗಂಧಕದ ಹೊಗೆಗೆ ಒಣಗಿದವು. ಬೇರೇ ಇಲ್ಲದ ಗುಡ್ಡಕ್ಕೆ ಮಳೆ ಹೊಡೆದರೆ ಏನಾಗುತ್ತೆ ಹೇಳಿ? ಮಣ್ಣು ಕೊಚ್ಚಿಹೋಯಿತು. ಅದರ ಜೊತೆ ಗಣಿಯ ವಿಷದ ಕಸವೂ ನದಿಗಿಳಿಯಿತು. ಮೀನು ಸತ್ತವು. 1890 ಮತ್ತು 1896ರ ನೆರೆಯಲ್ಲಿ ಆ ನೀರು ನುಗ್ಗಿದ ಗದ್ದೆಗಳಲ್ಲಿ ಪೈರು ಹಾಳಾಯಿತು.

ಶೋಜೋ 1891ರಿಂದ ಸಂಸತ್ತಿನಲ್ಲಿ ಈ ವಿಷಯ ಎತ್ತುತ್ತಲೇ ಬಂದರು. 1897ರಲ್ಲಿ ಸರ್ಕಾರ ಗಣಿಯವರಿಗೆ ಆಜ್ಞೆ ಮಾಡಿತು, ಆದರೆ ಹೊಗೆ ನಿಲ್ಲಲಿಲ್ಲ. 1900ರಲ್ಲಿ ರೈತರು ಟೋಕಿಯೋಗೆ ಹೊರಟಾಗ ಪೊಲೀಸರು ದಾರಿಯಲ್ಲೇ ತಡೆದು ಹೊಡೆದರು. ಮರುವರ್ಷ ಶೋಜೋ ಸದಸ್ಯತ್ವಕ್ಕೆ ರಾಜೀನಾಮೆ ಕೊಟ್ಟರು. 1901ರ ಡಿಸೆಂಬರ್ 10ರಂದು ಮನವಿ ಪತ್ರ ಹಿಡಿದು ಚಕ್ರವರ್ತಿಯ ಸಾರೋಟಿನತ್ತ ಓಡಿದರು. ಕಾವಲಿನವರು ಹಿಡಿದರು. ಹುಚ್ಚ ಅಂತ ಹೇಳಿ ಬಿಟ್ಟುಬಿಟ್ಟರು!

ನನಗೆ ಬಹಳ ಬೇಜಾರಾದದ್ದು ಮುಂದಿನ ಸಂಗತಿ. ಸರ್ಕಾರ ಗಣಿ ಮುಚ್ಚಿಸಲಿಲ್ಲ. ಅದರ ಬದಲು ನೆರೆ ನೀರು ನಿಲ್ಲಿಸಲು ಕೆಳಗಿನ ಯನಾಕಾ ಎಂಬ ಹಳ್ಳಿಯನ್ನೇ ಬಲಿ ಕೊಟ್ಟಿತು. ಕಾಡು ಕಳೆದದ್ದು ಮೇಲೆ, ಊರು ಕಳೆದದ್ದು ಕೆಳಗೆ. ಶೋಜೋ 1904ರಲ್ಲಿ ಆ ಹಳ್ಳಿಗೇ ಹೋಗಿ ನೆಲೆಸಿದರು. 1907ರಲ್ಲಿ, ಬಿಟ್ಟುಹೋಗಲು ಒಪ್ಪದ 16 ಮನೆಗಳನ್ನು ಕೆಡವಿದರು. ಆ ಜನ ಗುಡಿಸಲು ಕಟ್ಟಿಕೊಂಡು ಅಲ್ಲೇ ಉಳಿದರು. ಶೋಜೋ ಅವರ ಜೊತೆಗೇ ನಿಂತರು, ನದಿಗಳ ಗುಂಟ ನಡೆದು ನೀರಿನ ಸ್ಥಿತಿ ನೋಡಿ ಬರೆದಿಟ್ಟರು.

1913ರ ಸೆಪ್ಟೆಂಬರ್ 4ರಂದು ತೀರಿಕೊಂಡಾಗ ಅವರ ಆಸ್ತಿ ಒಂದು ಚೀಲ. ಅದರಲ್ಲಿ ದಿನಚರಿ, ಬೈಬಲ್ಲಿನ ಹೊಸ ಒಡಂಬಡಿಕೆ, ಕೆಲವು ಬೆಣಚುಕಲ್ಲು ಮುಂತಾದವು ಇದ್ದವು.

ಗಣಿ 1973ರಲ್ಲಿ ಮುಚ್ಚಿತು. ಆ ಬೋಳು ಗುಡ್ಡಗಳಿಗೆ ಜನ ಮಣ್ಣು ಹೊತ್ತು ಸಸಿ ನೆಡುತ್ತಾ ಬಂದಿದ್ದಾರೆ. ನಮ್ಮಂಥ ಶಾಲೆ ಮಕ್ಕಳೂ ಹೋಗಿ ನೆಟ್ಟಿದ್ದಾರೆ. ಕಡಿದದ್ದು ಕೆಲವೇ ವರ್ಷ, ಬೆಳೆಸುವುದು ಇನ್ನೂ ಮುಗಿದಿಲ್ಲ.

ಇದರಿಂದ ನಾನು ತಿಳಿದದ್ದು ಇಷ್ಟು: ನೀರು ಕೆಟ್ಟರೆ ನೀರನ್ನಷ್ಟೇ ನೋಡಿದರೆ ಸಾಲದು, ಅದು ಹರಿದು ಬಂದ ಗುಡ್ಡವನ್ನೂ ತಲೆ ಎತ್ತಿ ನೋಡಬೇಕು.